ಬೇಡದ ಶ್ರುತಿ

ಕಾರಿನ ಸಂಗೀತದ ನಡುವೆ ನುಸುಳುವ ಸಿಳ್ಳು, ಗುಂಯ್‌ಕಾರ, ಚಟಪಟ ಸದ್ದುಗಳು ಎಲ್ಲಿಂದ ಬರುತ್ತವೆ? ಅವನ್ನು ಹುಡುಕಿ ತೆಗೆಯುವ ಬಗೆ ಹೇಗೆ?

ಕಾರು ಊರಿನ ಗದ್ದಲವನ್ನು ಹಿಂದಿಕ್ಕಿ ಮೈಸೂರಿನ ಹೆದ್ದಾರಿಯನ್ನು ಸೇರಿದೆ. ಹಿರಿಯರ ಅಪೇಕ್ಷೆಯಂತೆ ಕಲ್ಯಾಣಿಯ ಆಲಾಪನೆ ಆರಂಭವಾಗಿದೆ. ಗಾಯಕನು ಇನ್ನೂ ಮಂದ್ರಸ್ಥಾಯಿಯಲ್ಲಿ ನೆಲೆಯೂರಿರುವಾಗಲೇ ಎಲ್ಲಿಂದಲೋ ಎಳೆಯಂಥ ಸಿಳ್ಳೊಂದು ತಾರಸ್ಥಾಯಿಗೆ ಏರುತ್ತದೆ. ಚಾಲಕನು ಆಕ್ಸಿಲರೇಟರನ್ನು ಒತ್ತಿದಂತೆಲ್ಲ ಅದೂ ಮೇಲೇರುತ್ತದೆ. ಗೇರು ಬದಲಿಸಿದರೆ ಕುಸಿಯುತ್ತದೆ. ಎಂಜಿನ್ ನಿಲ್ಲಿಸಿದರೆ ಮಾಯವಾಗುತ್ತದೆ. ಕಾಣದ ಯಾರೋ ಹಿಂದೆ ಕುಳಿತು ಬೇಡದ ಶ್ರುತಿಯನ್ನು ಹಿಡಿದಂತೆ!

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ. ಹಾಡುವ ಸೆಟ್ಟು ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸದನ್ನು ತಂದು ಕೂರಿಸುತ್ತಾರೆ. ಸಿಳ್ಳು ಹೋಗುವುದಿಲ್ಲ. ಸ್ಪೀಕರುಗಳನ್ನು ಬದಲಿಸುತ್ತಾರೆ, ಆಗಲೂ ಹೋಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಚಿಕಿತ್ಸೆಯಲ್ಲಿ ಹಣವೂ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ. ರೋಗಮೂಲವನ್ನರಿತು ಕೈಹಾಕಿದರೆ ಎಷ್ಟೋ ವೇಳೆ ಒಂದು ತಂತಿಯ ತುದಿಯನ್ನು ಕೆರೆದು ಬಿಗಿಗೊಳಿಸುವಷ್ಟರಲ್ಲೇ ಕೆಲಸ ಮುಗಿದಿರುತ್ತದೆ.

ಕಿಡಿಯ ಹಳೆಯ ಕಥೆ

ಕಾರಿಗೂ ರೇಡಿಯೋಗೂ ಇರುವ ವೈರ ಇಂದಿನದಲ್ಲ. 1887ರ ಸುಮಾರಿಗೆ ಜರ್ಮನಿಯ ಹೈನ್‌ರಿಚ್ ಹರ್ಟ್ಸ್ ರೇಡಿಯೋ ಅಲೆಗಳನ್ನು ಹುಟ್ಟಿಸಿದ್ದು ಎರಡು ಲೋಹದ ತುದಿಗಳ ನಡುವೆ ವಿದ್ಯುತ್ ಕಿಡಿಯನ್ನು ಹಾರಿಸಿ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಮಾಡುವುದೂ ಅದನ್ನೇ. ನಾಲ್ಕು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಹಾರುತ್ತವೆ. ಅಂದರೆ ಪ್ರತಿಯೊಂದು ಪೆಟ್ರೋಲ್ ಕಾರೂ ತನ್ನ ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಪ್ರಸಾರ ಕೇಂದ್ರವನ್ನೇ ಹೊತ್ತು ತಿರುಗುತ್ತಿದೆಯೆನ್ನಬೇಕು.

1930ರಲ್ಲಿ ಅಮೆರಿಕದ ಶಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತರಲು ಹೊರಟಾಗ ಅವನ ತಂತ್ರಜ್ಞರಿಗೆ ಎದುರಾದ ದೊಡ್ಡ ತೊಡಕು ಇದೇ. ಎಂಜಿನ್ನಿನ ಸದ್ದನ್ನಡಗಿಸಿ, ಸೆಟ್ಟನ್ನು ತನ್ನ ಸ್ವಂತ ಕಾರಿಗೆ ಜೋಡಿಸಿಕೊಂಡು, ರೇಡಿಯೋ ತಯಾರಕರ ಸಮ್ಮೇಳನ ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಅವನು ಚಲಾಯಿಸಿಕೊಂಡು ಹೋದನು. ಆ ರೇಡಿಯೋಗೆ ಇಟ್ಟ ‘ಮೊಟೊರೋಲಾ’ ಎಂಬ ಹೆಸರೇ 1947ರಲ್ಲಿ ಅವನ ಸಂಸ್ಥೆಯ ಹೆಸರೂ ಆಯಿತು.

ಕಿಡಿಯ ಸದ್ದನ್ನು ತಡೆಯುವ ಉಪಾಯ ಸರಳವಾದುದು. ಪ್ಲಗ್ಗಿನ ಒಳಗೆ ಸುಮಾರು 5000 ಓಮ್‌ಗಳಷ್ಟು ಪ್ರತಿರೋಧವನ್ನಿಟ್ಟರೆ ಪೆಟ್ರೋಲನ್ನು ಹೊತ್ತಿಸುವ ಕಿಡಿಗೆ ಕುಂದುಂಟಾಗದೆ ಅಲೆಗಳ ಅಬ್ಬರ ಮಾತ್ರ ಅಡಗುತ್ತದೆ. ಇಂದಿನ ಬಹುತೇಕ ಕಾರುಗಳಲ್ಲಿ ಇಂಥ ಪ್ಲಗ್ಗುಗಳೇ ಇರುತ್ತವೆ. ಪ್ಲಗ್ಗು ಬದಲಿಸಿದ ಮರುದಿನವೇ ರೇಡಿಯೋದಲ್ಲಿ ಟಕಟಕ ಸದ್ದು ಕಾಣಿಸಿಕೊಂಡರೆ, ಪ್ರತಿರೋಧವಿಲ್ಲದ ಜಾತಿಯದನ್ನು ಹಾಕಿರಬಹುದೆಂದು ಸಂಶಯಪಡಬಹುದು.

ಸಿಳ್ಳಿನ ಮೂಲ

ಹೆದ್ದಾರಿಯಲ್ಲಿ ಕೇಳಿಬಂದ ಸಿಳ್ಳು ಕಿಡಿಯದಲ್ಲ, ಆಲ್ಟರ್ನೇಟರಿನದು. ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಈ ಯಂತ್ರವು ಹುಟ್ಟಿಸುವುದು ಹಿಂದುಮುಂದಾಗಿ ತೊನೆಯುವ ಪ್ರವಾಹವನ್ನು. ಡಯೋಡುಗಳೆಂಬ ಕಾವಲುಗಾರರು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾರೆ. ಆದರೂ ಕೆರೆಯ ನೀರಿನ ಮೇಲೆ ಕಿರುತೆರೆಗಳುಳಿಯುವಂತೆ ಅಲ್ಪಸ್ವಲ್ಪ ಅಲುಗಾಟ ಉಳಿಯುತ್ತದೆ. 12 ಧ್ರುವಗಳ ಆಲ್ಟರ್ನೇಟರಿನಲ್ಲಿ ಒಂದು ಸುತ್ತಿಗೆ ಇಂಥ 36 ತೆರೆಗಳೇಳುತ್ತವೆ. ನಿಂತ ಕಾರಿನ ಎಂಜಿನ್ ಮೆಲ್ಲಗೆ ತಿರುಗುವಾಗಲೂ ಸೆಕೆಂಡಿಗೆ ಸಾವಿರದ ಸಮೀಪಕ್ಕೆ ಬರುವ, ಕೆಲವೊಮ್ಮೆ ಅದನ್ನು ಮೀರುವ ಈ ಕಂಪನವು ಕಿವಿಗೆ ಸ್ಪಷ್ಟವಾಗಿ ಕೇಳುವ ಸ್ವರವೇ. ಎಂಜಿನ್ನಿನ ವೇಗ ಹೆಚ್ಚಿದಂತೆ ಸ್ವರವೂ ಏರುವುದರ ಮರ್ಮ ಇದು.

ಈ ತೆರೆಗಳು ಹಾಡಿನೊಳಗೆ ನುಸುಳುವ ಹೆದ್ದಾರಿಯೆಂದರೆ ‘ಅರ್ತ್’. ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳುವುದು ಲೋಹದ ಮೈಯ ಮೂಲಕ. ಮುಂದಿನ ಡ್ಯಾಷ್‌ಬೋರ್ಡಿನ ಸೆಟ್ಟಿಗೂ ಹಿಂದೆ ಡಿಕ್ಕಿಯಲ್ಲಿರುವ ಆ್ಯಂಪ್ಲಿಫೈಯರಿಗೂ ಅರ್ತ್ ಬೇರೆ ಬೇರೆ ಸ್ಥಳಗಳಲ್ಲಿದ್ದರೆ, ಆ ಎರಡು ಸ್ಥಳಗಳ ನಡುವೆ ವೋಲ್ಟಿನ ಸಾವಿರದಲ್ಲೊಂದು ಭಾಗದಷ್ಟು ವ್ಯತ್ಯಾಸವಿದ್ದರೂ ಸಾಕು. ಹಾಡನ್ನು ಒಯ್ಯುವ ತಂತಿಯ ಕವಚದಲ್ಲಿ ಬೇಡದ ಪ್ರವಾಹ ಹರಿಯತೊಡಗುತ್ತದೆ. ಆ್ಯಂಪ್ಲಿಫೈಯರಿಗೆ ಹಾಡು ಯಾವುದು, ತೆರೆ ಯಾವುದು ಎಂಬ ವಿವೇಚನೆಯಿಲ್ಲ. ಬಂದುದನ್ನೆಲ್ಲ ಅದು ಹಿಗ್ಗಿಸುತ್ತದೆ.

ಪರೀಕ್ಷೆಯ ಕ್ರಮ

ಒಳ್ಳೆಯ ವೈದ್ಯನು ಔಷಧಿಯ ಶೀಸೆಯನ್ನು ತೆಗೆಯುವುದಕ್ಕೆ ಮುಂಚೆ ರೋಗಿಯನ್ನು ಪ್ರಶ್ನಿಸುತ್ತಾನೆ. ಇಲ್ಲಿಯೂ ಹಾಗೆಯೇ. ಪ್ರಶ್ನೆಗಳು ನಾಲ್ಕು, ಇವಕ್ಕೆ ಕಿವಿಯೊಂದಿದ್ದರೆ ಸಾಕು, ಉಪಕರಣ ಬೇಡ.

ಮೊದಲನೆಯದು: ಎಂಜಿನ್ ನಿಲ್ಲಿಸಿ ಸಂಗೀತವನ್ನು ಮಾತ್ರ ಹಾಕಿದಾಗ ಸದ್ದಿದೆಯೆ? ಇದ್ದರೆ ಆಲ್ಟರ್ನೇಟರೂ ಪ್ಲಗ್ಗೂ ನಿರಪರಾಧಿಗಳು. ಇಲ್ಲದೆ, ಎಂಜಿನ್ ಹೊರಟೊಡನೆ ಬಂದರೆ ಅಪರಾಧಿ ಅವುಗಳಲ್ಲೊಬ್ಬ. ವೇಗದೊಡನೆ ಏರುವ ಸಿಳ್ಳಾದರೆ ಆಲ್ಟರ್ನೇಟರು. ವೇಗದೊಡನೆ ದಟ್ಟವಾಗುವ ಟಕಟಕವಾದರೆ ಕಿಡಿ.

ಎರಡನೆಯದು: ಧ್ವನಿಯನ್ನು ಪೂರ್ತಿ ತಗ್ಗಿಸಿದಾಗ ಸದ್ದೂ ತಗ್ಗುವುದೆ? ತಗ್ಗಿದರೆ ಅದು ಧ್ವನಿ ನಿಯಂತ್ರಣದ ಗುಂಡಿಗಿಂತ ಮೊದಲೇ, ಅಂದರೆ ಸೆಟ್ಟಿನ ಒಳಗೋ ಏರಿಯಲ್ಲಿನಲ್ಲೋ ಸೇರಿಕೊಂಡಿದೆ. ತಗ್ಗದಿದ್ದರೆ ಅನಂತರದ ತಂತಿಗಳಲ್ಲಿ, ಇಲ್ಲವೆ ಆ್ಯಂಪ್ಲಿಫೈಯರಿನಲ್ಲಿ ಸೇರಿಕೊಂಡಿದೆ.

ಮೂರನೆಯದು: ಸದ್ದು ರೇಡಿಯೋದಲ್ಲಿ ಮಾತ್ರವೋ, ಎಲ್ಲದರಲ್ಲಿಯೋ? ರೇಡಿಯೋದಲ್ಲಿ ಮಾತ್ರವಾದರೆ ಏರಿಯಲ್ಲಿನ ದಾರಿಯನ್ನು ನೋಡಬೇಕು; ಅದರ ಬುಡ ಕಾರಿನ ಲೋಹಕ್ಕೆ ಬಿಗಿಯಾಗಿ ತಾಗಿರಬೇಕು.

ನಾಲ್ಕನೆಯದು: ಯಾವ ಸ್ವಿಚ್ಚಿಗೆ ಸದ್ದು ಓಗೊಡುತ್ತದೆ? ವೈಪರು, ಫ್ಯಾನು, ದೀಪ, ಕ್ಯಾಮರಾ ಇವುಗಳನ್ನು ಒಂದೊಂದಾಗಿ ಹಾಕಿ ಆರಿಸಿ ನೋಡಬೇಕು. ಹೊರಗಿನಿಂದ ತಂದು ಹಾಕಿಸಿದ ಅಗ್ಗದ ಎಲ್‌ಇಡಿ ದೀಪಗಳು ಉರಿದೊಡನೆ ಎಫ್‌ಎಂ ಕೇಂದ್ರವೊಂದು ಮಸುಕಾಗುವುದುಂಟು.

ಆ್ಯಂಪ್ಲಿಫೈಯರಿನ ಮೇಲೆಯೇ ಅನುಮಾನ ಬಿದ್ದರೆ, ಕಾರಿನ ಚಾರ್ಜರಿಗೆ ಸಿಕ್ಕಿಸದ ಫೋನೊಂದನ್ನು ಗಿಡ್ಡ ತಂತಿಯಿಂದ ನೇರವಾಗಿ ಅದಕ್ಕೆ ಜೋಡಿಸಿ ನೋಡಬೇಕು. ಹಾಡು ಶುಭ್ರವಾಗಿ ಬಂದರೆ ಆ್ಯಂಪ್ಲಿಫೈಯರು ಬಹುಮಟ್ಟಿಗೆ ನಿರ್ದೋಷಿ. ತಪ್ಪು ಮುಂದಿನ ಸೆಟ್ಟಿನದು ಅಥವಾ ಉದ್ದನೆಯ ತಂತಿಯದು.

ಚಿಕಿತ್ಸೆ

ಮೊದಲು ಕೆಲವು ಎಚ್ಚರಿಕೆಗಳು. ತಂತಿಗೆ ಕೈಹಾಕುವ ಮುನ್ನ ಎಂಜಿನ್ ನಿಲ್ಲಿಸಿ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಹಳದಿ ಕವಚದ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಂತಿಕ ವೋಲ್ಟೇಜು ಹರಿಯುತ್ತದೆ. ಇವೆರಡನ್ನೂ ಮುಟ್ಟಲೇಬಾರದು. ಹೊಸ ಕಾರಿನ ತಂತಿಯನ್ನು ಕತ್ತರಿಸಿದರೆ ವಾರಂಟಿಗೆ ತೊಡಕಾಗಬಹುದು. ಆದುದರಿಂದ ಸಂದೇಹವಿದ್ದಲ್ಲಿ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದೇ ಲೇಸು.

ಸಿಳ್ಳಿನ ರೋಗಕ್ಕೆ ಮೊದಲ ಮದ್ದು ಅರ್ತ್ ತಂತಿಯೇ. ಬಣ್ಣದ ಮೇಲೆ ಬಿಗಿದ ಮೊಳೆ ಅರ್ತ್ ಆಗದು. ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಒಂದೂವರೆ ಅಡಿಗಿಂತ ಉದ್ದವಿಲ್ಲದ ದಪ್ಪ ತಂತಿಯನ್ನು ಬೋಲ್ಟಿನಿಂದ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಬಣ್ಣ ಬಳಿಯಬೇಕು. ಎರಡನೆಯದಾಗಿ, ಬ್ಯಾಟರಿಯಿಂದ ಬರುವ ದಪ್ಪ ತಂತಿಯನ್ನು ಕಾರಿನ ಒಂದು ಮಗ್ಗುಲಲ್ಲೂ ಹಾಡನ್ನು ಒಯ್ಯುವ ತಂತಿಯನ್ನು ಇನ್ನೊಂದು ಮಗ್ಗುಲಲ್ಲೂ ಸಾಗಿಸಬೇಕು. ದಪ್ಪ ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರಬೇಕು. ಇದು ಸಂಗೀತದ ಮಾತಲ್ಲ, ಬೆಂಕಿಯ ಮಾತು.

ಇತ್ತೀಚೆಗೆ ಮನೆಮನೆಯ ದೂರಾಗಿರುವುದು ಫೋನಿನ ಸಿಳ್ಳು. ಫೋನನ್ನು ತಂತಿಯಿಂದ ಸೆಟ್ಟಿಗೆ ಜೋಡಿಸಿ, ಅದೇ ಫೋನನ್ನು ಕಾರಿನ ಚಾರ್ಜರಿಗೂ ಸಿಕ್ಕಿಸಿದರೆ ಅರ್ತ್‌ಗೆ ಎರಡು ದಾರಿಗಳಾಗಿ ಒಂದು ಸುತ್ತು ಏರ್ಪಡುತ್ತದೆ. ಚಾರ್ಜರನ್ನು ಕಿತ್ತೊಡನೆ ಸದ್ದು ನಿಂತರೆ ನಿದಾನ ಖಚಿತ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ‘ಐಸೊಲೇಟರ್’ ಎಂಬ ಡಬ್ಬಿಯೊಂದನ್ನು ಹಾಡಿನ ತಂತಿಯ ನಡುವೆ ಸೇರಿಸಿದರೆ ಸುತ್ತು ಕಡಿಯುತ್ತದೆ. ತಂತಿಯನ್ನೇ ಬಿಟ್ಟು ಬ್ಲೂಟೂತ್ ಮೂಲಕ ಕೇಳಿದರೂ ಆಗಬಹುದು.

ಸದ್ದು ಹೇಳುವ ಸುದ್ದಿ

ಅಂಗಡಿಗಳಲ್ಲಿ ಸಿಳ್ಳನ್ನಡಗಿಸುವ ಫಿಲ್ಟರುಗಳು ದೊರೆಯುತ್ತವೆ. ಅವು ಉಪಯುಕ್ತವಾದುವೇ, ಆದರೆ ಕೊನೆಯ ಮದ್ದಾಗಬೇಕೇ ಹೊರತು ಮೊದಲನೆಯದಾಗಬಾರದು. ಏಕೆಂದರೆ ಸದ್ದು ಒಮ್ಮೊಮ್ಮೆ ಸುದ್ದಿಯನ್ನೂ ಹೊತ್ತು ತರುತ್ತದೆ.

ವರ್ಷಗಳಿಂದ ಶುಭ್ರವಾಗಿ ಹಾಡುತ್ತಿದ್ದ ಕಾರಿನಲ್ಲಿ, ಯಾರೂ ಏನನ್ನೂ ಬದಲಿಸದಿರುವಾಗ, ಒಂದು ದಿನ ಒರಟಾದ ಗುಂಯ್‌ಕಾರ ಹುಟ್ಟಿತೆನ್ನೋಣ. ಆಲ್ಟರ್ನೇಟರಿನ ಡಯೋಡೊಂದು ಸತ್ತಿರುವ ಸಂಭವವುಂಟು. ಆಗ ತೆರೆಗಳು ಕಿರುತೆರೆಗಳಾಗಿ ಉಳಿಯದೆ ಉಬ್ಬುತ್ತವೆ. ಎಂಜಿನ್ ತಿರುಗುತ್ತಿರುವಾಗ ಬ್ಯಾಟರಿಯ ತುದಿಗಳಿಗೆ ಮೀಟರು ಹಿಡಿದರೆ ನೇರ ಪ್ರವಾಹದ ಅಳತೆ ಸಾಮಾನ್ಯವಾಗಿ 14 ವೋಲ್ಟುಗಳ ಆಸುಪಾಸಿನಲ್ಲಿರುತ್ತದೆ. ಮೀಟರನ್ನು ಎಸಿ ಅಳತೆಗೆ ತಿರುಗಿಸಿದಾಗ ಅರ್ಧ ವೋಲ್ಟಿಗೂ ಮೀರಿದರೆ ಡಯೋಡಿನ ಮೇಲೆ ಸಂಶಯಪಡಬೇಕು. ಇಂಥ ಆಲ್ಟರ್ನೇಟರು ಬ್ಯಾಟರಿಯನ್ನು ಸರಿಯಾಗಿ ತುಂಬದು. ಕೆಲವೊಮ್ಮೆ ನಿಂತ ಕಾರಿನ ಬ್ಯಾಟರಿಯನ್ನು ರಾತ್ರಿಯೆಲ್ಲ ಹೀರಿಬಿಡುವುದೂ ಉಂಟು.

ಆ ಸದ್ದಿಗೆ ಫಿಲ್ಟರಿನ ಬಟ್ಟೆ ತುರುಕಿ ಬಾಯಿ ಮುಚ್ಚಿಸಿದ ಮನೆಯವರು ಹಾಡನ್ನು ಸುಖವಾಗಿ ಕೇಳುತ್ತಲೇ ಘಟ್ಟದ ದಾರಿ ಹಿಡಿಯುತ್ತಾರೆ. ಇರುಳು, ಮಳೆ, ಹಿಂದಿನ ಆಸನದಲ್ಲಿ ನಿದ್ದೆಹೋದ ಮಕ್ಕಳು. ದೀಪಗಳು ಮಂಕಾಗತೊಡಗಿದ ಮೇಲೆ ಅವರಿಗೆ ವಿಷಯ ತಿಳಿಯುತ್ತದೆ. ಅದೇ ಸದ್ದನ್ನು ಕೇಳಿ ಊರಿನಲ್ಲೇ ಮೆಕ್ಯಾನಿಕ್ಕನ ಬಳಿ ಕಾರನ್ನು ನಿಲ್ಲಿಸಿದವರಿಗೆ ಒಂದು ದಿನದ ಪ್ರಯಾಣ ತಪ್ಪಬಹುದು, ಅಷ್ಟೆ.