ಕಿಟಕಿ ಕಟ್ಟೆಯ ಆರ್ಕಿಡ್, ವಯಲೆಟ್: ನಂಬಿಕೆ ಯಾವುದು, ನಿಜ ಯಾವುದು

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ತುಮಕೂರಿಗೆ ಮರಳುವಾಗ ಕೈಯಲ್ಲೊಂದು ಆರ್ಕಿಡ್ ಕುಂಡ ಹಿಡಿದು ಬರುವುದುಂಟು. ಆಫ್ರಿಕನ್ ವಯಲೆಟ್ ಕೂಡ ಹೀಗೆಯೇ ಆಸೆಯಿಂದ ಮನೆ ಸೇರುತ್ತದೆ. ವರ್ಷದೊಳಗೆ ಗಿಡ ಸತ್ತರೆ, ನಮ್ಮ ಬಯಲುಸೀಮೆಗೆ ಇವು ಒಗ್ಗುವುದಿಲ್ಲ ಎಂದು ಕೈಚೆಲ್ಲುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಸುಮಾರು 800 ಮೀಟರ್ ಎತ್ತರದಲ್ಲಿರುವ, ಚಳಿಗಾಲದ ರಾತ್ರಿಗಳು ಹಿತವಾಗಿ ತಣ್ಣಗಿರುವ ಈ ಊರು ಈ ಗಿಡಗಳಿಗೆ ಕೆಟ್ಟ ಜಾಗವೇನಲ್ಲ. ಕೆಡಿಸುತ್ತಿರುವುದು ಬೇರೆ ಹವೆಗೆ ಹೇಳಿದ ಸಲಹೆಗಳು, ಬಾಯಿಂದ ಬಾಯಿಗೆ ಹರಡಿದ ಕೆಲವು ನಂಬಿಕೆಗಳು.

“ಆರ್ಕಿಡ್ ಅಂದ್ರೆ ಬದನಿಕೆ, ಮರದ ರಸ ಹೀರುತ್ತೆ”

ಮಾವಿನ ಮರದ ಬದನಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ನೀರು ಕದಿಯುವುದು ನಿಜ. ಆರ್ಕಿಡ್ ಆ ಕೆಲಸ ಮಾಡುವುದಿಲ್ಲ. ಮಲೆನಾಡಿನ ಸೀತಾಳೆ ದಂಡೆಯಾಗಲಿ, ಒಣ ಕಾಡುಗಳಲ್ಲೂ ಬದುಕುವ ವಂಡಾ ಟೆಸೆಲೇಟಾ ಆಗಲಿ, ತೊಗಟೆಯನ್ನು ತಬ್ಬಿ ಕೂರುತ್ತವೆ ಅಷ್ಟೆ. ಮಳೆ, ಮಂಜು, ತೊಗಟೆಯ ಸಂದಿಯಲ್ಲಿ ಕೂತ ತರಗಿನ ಸಾರ ಇವೇ ಅವುಗಳ ಆಹಾರ. ಮನೆಯೊಳಗೆ ಸಾಕುವ ಫೆಲನಾಪ್ಸಿಸ್ ಜಾತಿಯದ್ದೂ ಇದೇ ಬಾಳು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದ ಕುಂಡದಲ್ಲಿ ಅದು ಕೊಳೆತೇ ಸಾಯುತ್ತದೆ.

ಇದ್ದಿಲ ಚೂರು, ಹೆಂಚಿನ ಚೂರು, ತೆಂಗಿನ ಮಟ್ಟೆಯ ತುಂಡು ಸಾಕು. ಗುಬ್ಬಿ ಕಡೆ ಮಟ್ಟೆಗೆ ಬರವಿಲ್ಲ. ಆದರೆ ಮಟ್ಟೆಯಲ್ಲಿ ಉಪ್ಪಿನಂಶವೂ ಒಗರೂ ಇರುತ್ತವೆ. ವಾರಕಾಲ ನೆನೆಹಾಕಿ, ದಿನಾ ನೀರು ಚೆಲ್ಲಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ ಬಳಸಬೇಕು. ಒಂದೆರಡು ವರ್ಷದಲ್ಲಿ ಅದು ಮೆತ್ತಗಾಗಿ ನೀರು ಕಟ್ಟಿಕೊಳ್ಳುತ್ತದೆ, ಆಗ ತೆಗೆದು ಹೊಸದು ಹಾಕಬೇಕು. ನನ್ನನ್ನು ಕೇಳಿದರೆ ಇದ್ದಿಲು ಜಾಸ್ತಿ, ಮಟ್ಟೆ ಕಡಿಮೆ.

“ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ, ದಕ್ಷಿಣದ ಕಿಟಕಿಯೇ ಒಳ್ಳೇದು”

ಇದು ಯುರೋಪು, ಅಮೆರಿಕದ ಪುಸ್ತಕಗಳ ಮಾತು. ಅಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ದಕ್ಷಿಣ ದಿಕ್ಕಿಗೇ ಇರುತ್ತಾನೆ. ತುಮಕೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಗುಬ್ಬಿ, ಕುಣಿಗಲ್‌ಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಏಪ್ರಿಲ್ ಕೊನೆಯ ವಾರ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ತಿರುಗಿ ನೆತ್ತಿಗೆ ಬರುವುದು ಆಗಸ್ಟ್ ಮೂರನೇ ವಾರಕ್ಕೆ. ಈ ನಡುವೆ ಉತ್ತರದ ಕಿಟಕಿಗೆ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ಬೀಳುತ್ತದೆ. ನಡುಹಗಲಿನ ಸುಡುಬಿಸಿಲನ್ನು ಸಜ್ಜ ತಡೆಯುತ್ತದೆ. ದಕ್ಷಿಣದ ಕಿಟಕಿಯೊಳಗೆ ಬಿಸಿಲು ಚೆನ್ನಾಗಿ ನುಗ್ಗುವುದು ನವೆಂಬರಿನಿಂದ ಜನವರಿವರೆಗೆ, ಸೂರ್ಯ ಕೆಳಗಿಳಿದಾಗ.

ಹಾಗಾಗಿ ನಮ್ಮಲ್ಲಿ ವಯಲೆಟ್‌ಗೆ ಉತ್ತರದ ಕಿಟಕಿ, ಫೆಲನಾಪ್ಸಿಸ್‌ಗೆ ಪೂರ್ವದ ಕಿಟಕಿ ಒಳ್ಳೆಯವು. ಪಶ್ಚಿಮದ್ದು ಮಾರ್ಚ್, ಏಪ್ರಿಲ್‌ನಲ್ಲಿ ಬೇಡವೇ ಬೇಡ. ಕಟ್ಟೆಗೆ ಹಾಸಿದ ಗ್ರಾನೈಟ್ ಕಾದು ದೀಪ ಹಚ್ಚುವ ಹೊತ್ತಿಗೂ ಕೈಗೆ ಬಿಸಿ ತಾಗುತ್ತದೆ, ಕುಂಡದೊಳಗಿನ ಬೇರು ಬೇಯುತ್ತದೆ. ಬೇರೆ ಕಿಟಕಿ ಇಲ್ಲದವರು ಕುಂಡದಡಿ ಮರದ ಮಣೆ ಇಟ್ಟು, ತೆಳು ಪರದೆ ಎಳೆಯಲಿ. ಗುಬ್ಬಿಯ ಅಡಿಕೆ ತೋಟದೊಳಗಿನ ಮನೆಗಳಲ್ಲಿ ಸಮಸ್ಯೆ ತಿರುಗಾಮುರುಗಾ: ತಂಪಿದೆ, ತೇವವಿದೆ, ಬೆಳಕಿಲ್ಲ. ಸೊಳ್ಳೆ ಜಾಲರಿ ಇದ್ದರೆ ಇನ್ನಷ್ಟು ಕತ್ತಲು.

ಪರೀಕ್ಷೆ ಸುಲಭ. ಹಗಲು ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಮಸುಕು ನೆರಳು ಬಿದ್ದರೆ ಬೆಳಕು ಸರಿಯಿದೆ. ಅಂಚು ಚೂಪಾಗಿ ಕಂಡರೆ ಜಾಸ್ತಿ, ನೆರಳೇ ಬೀಳದಿದ್ದರೆ ಕಡಿಮೆ.

“ಆಫ್ರಿಕದ ಗಿಡ, ಬಿಸಿಲು ತಡೆಯುತ್ತೆ”

ಅತಿ ಹೆಚ್ಚು ವಯಲೆಟ್‌ಗಳನ್ನು ಬಲಿ ತೆಗೆದುಕೊಂಡ ನಂಬಿಕೆ ಇದೇ ಇರಬೇಕು. ಇದರ ತವರು ತಾಂಜಾನಿಯ ಮತ್ತು ಕೀನ್ಯದ ಕಾಡುಗಳು, ಮುಖ್ಯವಾಗಿ ಉಸಂಬರ ಬೆಟ್ಟಸಾಲು. ಅಲ್ಲಿ ಮರಗಳ ನೆರಳಿನಲ್ಲಿ, ಪಾಚಿ ಹಿಡಿದ ಒದ್ದೆ ಬಂಡೆಗಳ ಮೇಲೆ ಬೆಳೆಯುತ್ತದೆ. ಸೇಂಟ್ ಪಾಲ್ ಇಲೇರ್ ಎಂಬ ಜರ್ಮನ್ ಅಧಿಕಾರಿ ಇದನ್ನು ಸಂಗ್ರಹಿಸಿ ಊರಿಗೆ ಕಳಿಸಿದ. 1893ರಲ್ಲಿ ಸಸ್ಯವಿಜ್ಞಾನಿ ಹರ್ಮನ್ ವೆಂಡ್‌ಲಾಂಡ್ ಅವನ ಹೆಸರನ್ನೇ ಗಿಡಕ್ಕಿಟ್ಟು ಸೇಂಟ್‌ಪಾಲಿಯಾ ಎಂದು ಕರೆದ. 18ರಿಂದ 27 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. ನಮ್ಮ ಏಪ್ರಿಲ್‌ನ 37, 38 ಡಿಗ್ರಿಗೆ ಹೂ ನಿಲ್ಲಿಸಿ, ಎಲೆ ಜೋಲುಬಿಟ್ಟು ಕೂರುತ್ತದೆ.

ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದರೆ ಕೆಲವೇ ನಿಮಿಷದ ತಂಪು. ಅದರ ಬದಲು ದೊಡ್ಡ ಮಣ್ಣಿನ ಕುಂಡವೊಂದರೊಳಗೆ ಮರಳು ಹಾಕಿ, ಅದರ ನಡುವೆ ವಯಲೆಟ್ ಕುಂಡ ಹೂತು, ಮರಳನ್ನು ಒದ್ದೆಯಾಗಿಡಿ. ಹೂಜಿಯ ನೀರು ತಣ್ಣಗಾಗುವ ಹಾಗೆಯೇ ಹೊರಕುಂಡದ ಮೈ ಬೆವರಿ ಒಳಗಿನ ಬೇರು ತಂಪಾಗಿರುತ್ತದೆ. ಒಳಕುಂಡ ಪ್ಲಾಸ್ಟಿಕ್ಕಿನದಾಗಿ, ಅದರ ತಳ ಮರಳಿಗಿಂತ ಜಲ್ಲಿಯ ಮೇಲೆ ಕೂತರೆ ಬೇರಿಗೆ ಅತಿ ತೇವ ಹತ್ತುವುದಿಲ್ಲ. ಗಾಳಿ ಒಣಗಿದ್ದಷ್ಟೂ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ನಮ್ಮ ಬೇಸಿಗೆಯ ಒಣಗಾಳಿಯೇ ಇಲ್ಲಿ ಉಪಕಾರಿ. ಮಾರ್ಚಿನಿಂದ ಮೇ ಕೊನೆಯವರೆಗೆ ಕಿಟಕಿ ಬಿಟ್ಟು ಮನೆಯ ಅತಿ ತಂಪಾದ, ಬೆಳಕಿರುವ ಕೋಣೆಗೆ ಸರಿಸುವುದು ಮತ್ತೂ ಒಳ್ಳೆಯದು.

“ಎಲೆ ಸುಕ್ಕಾಯ್ತು, ನೀರು ಸಾಲದು”

ಸಾಲದೆ ಇರಬಹುದು, ಜಾಸ್ತಿಯಾಗಿಯೂ ಇರಬಹುದು. ಬೇರು ಕೊಳೆತ ಆರ್ಕಿಡ್ ನೀರನ್ನು ಎಳೆದುಕೊಳ್ಳಲಾರದೆ ಸುಕ್ಕಾಗುತ್ತದೆ, ನಾವು ಇನ್ನೊಂದು ಚೊಂಬು ಸುರಿದು ಉಳಿದ ಬೇರನ್ನೂ ಕೊಳೆಸುತ್ತೇವೆ. ಎಲೆಯನ್ನು ಬಿಟ್ಟು ಬೇರು ನೋಡಿ. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಬೆಳೆಸುವುದು ಅದಕ್ಕೇ. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರವಿರುತ್ತದೆ. ಒಣಗಿದಾಗ ಬೆಳ್ಳಿಬೂದು, ನೀರು ಹೀರಿದ ಕೂಡಲೇ ಕಣ್ಣೆದುರೇ ಹಸಿರು. ಬೂದು ಬಣ್ಣಕ್ಕೆ ತಿರುಗಿದ ಮೇಲೆ ನೀರು ಕೊಡಿ, ಹಸಿರಿದ್ದರೆ ಸುಮ್ಮನಿರಿ. ಕಂದಾಗಿದ್ದು, ಬೆರಳಲ್ಲಿ ಒತ್ತಿದಾಗ ಪಿಚಕ್ಕನೆ ಚಪ್ಪಟೆಯಾದರೆ ಆ ಬೇರು ಮುಗಿದಂತೆ, ಕತ್ತರಿಸಿ ತೆಗೆಯಿರಿ. ಬೆಳಿಗ್ಗೆಯೇ ನೀರು ಹಾಕಿ, ಎಲೆಗಳ ನಡುವಿನ ಸುಳಿಯಲ್ಲಿ ನಿಂತ ನೀರನ್ನು ಬಟ್ಟೆ ತುದಿಯಿಂದ ಒತ್ತಿ ತೆಗೆಯಿರಿ. ರಾತ್ರಿಯಿಡೀ ಅಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ.

“ಆರ್‌ಒದಿಂದ ಹೊರಗೆ ಹೋಗೋ ನೀರು ಗಿಡಕ್ಕೆ ಹಾಕಿದರಾಯ್ತು”

ನೀರು ಉಳಿಸುವ ಮನಸ್ಸು ಮೆಚ್ಚಬೇಕಾದ್ದೇ. ಆದರೆ ಶುದ್ಧ ನೀರಿನಿಂದ ಬೇರೆಯಾದ ಲವಣವೆಲ್ಲ ಸೇರಿದ ನೀರು ಅದು. ಮೂಲ ಬೋರ್‌ವೆಲ್ ನೀರಿಗಿಂತ ಗಡಸು. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಆರ್ಕಿಡ್, ವಯಲೆಟ್‌ಗೆ ಬೋರ್‌ವೆಲ್ ನೀರೇ ಭಾರ. ಕುಂಡದ ಅಂಚಿಗೆ ಕಟ್ಟುವ ಬಿಳಿ ಹರಳನ್ನು ಗಮನಿಸಿ. ವಯಲೆಟ್‌ನ ಎಲೆತೊಟ್ಟು ಆ ಅಂಚಿಗೆ ಒರಗಿದ ಜಾಗದಲ್ಲೇ ಸುಟ್ಟು ಕೊಳೆಯುತ್ತದೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆ ಮಳೆಯ ತಿಂಗಳು. ತಾರಸಿಯ ಮಳೆನೀರು ನಾಲ್ಕಾರು ಕ್ಯಾನು ಹಿಡಿದಿಟ್ಟರೆ ಕಿಟಕಿಯ ಗಿಡಗಳಿಗೆ ಬಹಳ ಕಾಲ ಬರುತ್ತದೆ. ಅದು ಮುಗಿದ ಮೇಲೆ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರಾಗುತ್ತದೆ.

ಗೊಬ್ಬರಕ್ಕೂ ದೂರ ಹೋಗಬೇಕಿಲ್ಲ. ತೋಟದ ಡ್ರಿಪ್‌ಗೆ ಬಿಡುವ 19:19:19 ಪುಡಿಯನ್ನೇ ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ, ಬೇರನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ, ಕೊಡಬಹುದು. ಹಾಲು, ಮಜ್ಜಿಗೆ ಬೇಡ.

“ವಯಲೆಟ್ ಎಲೆಗೆ ನೀರು ತಾಗಲೇಬಾರದು”

ಎಲೆಗೆ ಬೀಳುವ ಉಂಗುರದಂಥ ಕಲೆಗೆ ಕಾರಣ ನೀರಿನ ತಣ್ಣಗಿರುವಿಕೆ. ಬೆಚ್ಚಗಿನ ಎಲೆಯ ಮೇಲೆ ತಣ್ಣೀರು ಬಿದ್ದರೆ ಒಳಗಿನ ಜೀವಕೋಶಗಳು ಕೆಡುತ್ತವೆ. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ನೆರಳಲ್ಲಿ ಆರಿಸಿದರೆ ಏನೂ ಆಗುವುದಿಲ್ಲ. ಕುಣಿಗಲ್‌ನಲ್ಲಿ ಹೆದ್ದಾರಿಗೆ ಹತ್ತಿರವಿರುವ ಮನೆಗಳಲ್ಲಿ ತೊಳೆಯಲೇಬೇಕು. ರೋಮವಿರುವ ಆ ಎಲೆ ಧೂಳನ್ನು ಹಿಡಿದಿಟ್ಟುಕೊಂಡು ಬೆಳಕು ತಡೆಯುತ್ತದೆ.

“ಹೂ ಉದುರಿದರೆ ಆರ್ಕಿಡ್ ಕಥೆ ಮುಗೀತು”

ಫೆಲನಾಪ್ಸಿಸ್ ಹೂ ಎರಡು, ಮೂರು ತಿಂಗಳು ನಿಲ್ಲುತ್ತದೆ. ಉದುರಿದ ಮೇಲೆ ಗಿಡ ಎಲೆ, ಬೇರು ಬೆಳೆಸಿಕೊಳ್ಳುತ್ತದೆ. ಮತ್ತೆ ಹೂವಿನ ಕಡ್ಡಿ ಹೊರಡಲು ಕೆಲವು ವಾರ ತಂಪು ಬೇಕು. ಸದಾ 28 ಡಿಗ್ರಿ ಮೀರಿದ ಊರುಗಳಲ್ಲಿ ಅದು ಎಲೆ ಬಿಡುತ್ತಲೇ ಇರುತ್ತದೆ. ಇಲ್ಲಿ ನವೆಂಬರಿನಿಂದ ಜನವರಿವರೆಗಿನ ರಾತ್ರಿಗಳು ಆ ತಂಪನ್ನು ಪುಕ್ಕಟೆ ಕೊಡುತ್ತವೆ. ಆಗ ಕಿಟಕಿ ತೆರೆದಿಡಿ.

“ರಾತ್ರಿ ಆಮ್ಲಜನಕ ಬಿಡುತ್ತೆ, ಮಲಗೋ ಕೋಣೆಯಲ್ಲಿಡಿ”

ಫೆಲನಾಪ್ಸಿಸ್ ರಾತ್ರಿ ರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡ್ ಒಳಗೆಳೆದುಕೊಳ್ಳುತ್ತದೆ. ಆಮ್ಲಜನಕ ಹುಟ್ಟುವುದು ಬೆಳಕಿದ್ದಾಗ ಮಾತ್ರ.

“ಎಲೆ ನೆಟ್ಟರೆ ಅದೇ ಹೂ ಬರುತ್ತೆ”

ವಯಲೆಟ್ ವಿಷಯದಲ್ಲಿ ಬಹುಪಾಲು ನಿಜ. ಮಧ್ಯವಯಸ್ಸಿನ ಎಲೆಯ ತೊಟ್ಟನ್ನು ಒಂದಂಗುಲ ಉಳಿಸಿ ಓರೆಯಾಗಿ ಕತ್ತರಿಸಿ, ತೊಳೆದ ಕೊಕೊಪೀಟಿನಲ್ಲಿ ಊರಿದರೆ ತಿಂಗಳಲ್ಲಿ ಬೇರು, ಎರಡು ಮೂರು ತಿಂಗಳಲ್ಲಿ ಇಲಿಕಿವಿಯಷ್ಟು ಮರಿ. ಒಂದೇ ಎಲೆಯ ಬುಡದಿಂದ ಹಲವು ಮರಿ ಬರುತ್ತವೆ, ಅಕ್ಕಪಕ್ಕದವರಿಗೆಲ್ಲ ಹಂಚಬಹುದು. ಆದರೆ ದಳದ ನಡುವಿನಿಂದ ಅಂಚಿನವರೆಗೆ ಪಟ್ಟೆ ಎಳೆದಂಥ ಹೂವಿನ ತಳಿಗಳಲ್ಲಿ ಎರಡು ಬಗೆಯ ಜೀವಕೋಶ ಪದರಗಳಿರುತ್ತವೆ. ಎಲೆಯಿಂದ ಹುಟ್ಟಿದ ಮರಿಗೆ ಆ ಜೋಡಣೆ ಸಾಮಾನ್ಯವಾಗಿ ಬರುವುದಿಲ್ಲ, ಹೂ ಒಂದೇ ಬಣ್ಣದ್ದಾಗುತ್ತದೆ. ಪಟ್ಟೆಯೇ ಬೇಕೆಂದರೆ ತಾಯಿಗಿಡದ ಬುಡದಲ್ಲಿ ಹುಟ್ಟುವ ಪಿಳ್ಳೆಯನ್ನು ಬಿಡಿಸಿ ನೆಡಬೇಕು.