24 ಹಾಡುಗಳ ದಂಡ

ಹಣ ತೆರದೆ ಹಾಡನ್ನು ನಕಲಿಸಿಕೊಂಡುದು ತಪ್ಪೆ ಎಂದು ಕೇಳಿದರೆ ತಪ್ಪೆಂದೇ ಹೇಳುವೆನು. ಹಾಡಿದವನ ಶ್ರಮವೂ ಮುದ್ರಿಸಿದವನ ಬಂಡವಾಳವೂ ಅದರಲ್ಲಿವೆ. ಆದರೆ ತಪ್ಪಿಗೂ ದಂಡಕ್ಕೂ ಒಂದು ಅಳತೆ ಬೇಡವೆ? ಅಮೆರಿಕದ ಧ್ವನಿಮುದ್ರಣ ಕಂಪನಿಗಳು ತಮ್ಮ ಕೇಳುಗರ ಮೇಲೆಯೇ ಹೂಡಿದ ವ್ಯಾಜ್ಯಗಳ ವೃತ್ತಾಂತವನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ವೃತ್ತಾಂತ ಮೊದಲಾದುದು 1999ರಲ್ಲಿ. ಇಪ್ಪತ್ತು ತುಂಬದ ವಿದ್ಯಾರ್ಥಿ ಶಾನ್ ಫ್ಯಾನಿಂಗ್ ‘ನ್ಯಾಪ್‌ಸ್ಟರ್’ ಎಂಬ ಏರ್ಪಾಟನ್ನು ರಚಿಸಿದನು. ಹಾಡುಗಳಿದ್ದುದು ಜನರ ಮನೆಯ ಕಂಪ್ಯೂಟರುಗಳಲ್ಲಿ. ಯಾವ ಹಾಡು ಯಾರಲ್ಲಿದೆ ಎಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರಿನ ಬಳಿ. ಆ ಪಟ್ಟಿಯೇ ಅದಕ್ಕೆ ಮುಳುವಾಯಿತು. ಅದೇ ಡಿಸೆಂಬರಿನಲ್ಲಿ ಕಂಪನಿಗಳು ದಾವೆ ಹೂಡಿದವು. 2001ರ ಜುಲೈಯಲ್ಲಿ ಅದರ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಒಂದೇ ಕಡೆ ಪಟ್ಟಿಯನ್ನಿಡದ ‘ಕಝಾ’ದಂತಹ ಏರ್ಪಾಟುಗಳು ಹುಟ್ಟಿಕೊಂಡಿದ್ದವು. ಇನ್ನು ಮನೆಮನೆಯ ಬಾಗಿಲನ್ನು ತಟ್ಟುವುದೇ ದಾರಿಯೆಂದು ಉದ್ಯಮ ಬಗೆಯಿತು.

2003ರ ಸೆಪ್ಟೆಂಬರಿನಲ್ಲಿ ಒಮ್ಮೆಗೇ 261 ಮಂದಿಯ ಮೇಲೆ ದಾವೆ! ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೂ ಒಬ್ಬಳು. ತಾಯಿ 2,000 ಡಾಲರು ತೆತ್ತು ರಾಜಿ ಮಾಡಿಕೊಂಡಳು. ವಕೀಲರ ಖರ್ಚಿಗಿಂತ ರಾಜಿ ಅಗ್ಗವಾದುದರಿಂದ ಹೀಗೆ ತೆತ್ತವರೇ ಹೆಚ್ಚು.

ಮಿನ್ನೆಸೋಟ ರಾಜ್ಯದ ತಾಯಿಯೊಬ್ಬಳು ಮಾತ್ರ ರಾಜಿಗೆ ಒಪ್ಪದೆ ನ್ಯಾಯಾಲಯದಲ್ಲಿ ನಿಂತಳು. ವಿಚಾರಣೆಗೆ ಬಂದುದು 24 ಹಾಡು. 2007ರಲ್ಲಿ ಜೂರಿಯವರು ಹಾಡೊಂದಕ್ಕೆ 9,250 ಡಾಲರಿನಂತೆ 2,22,000 ಡಾಲರುಗಳನ್ನು ವಿಧಿಸಿದರು. 2009ರ ಮರುವಿಚಾರಣೆಯಲ್ಲಿ ಅದು ಹಾಡೊಂದಕ್ಕೆ 80,000 ಆಯಿತು. ಒಟ್ಟು 19,20,000 ಡಾಲರು! ಐಟ್ಯೂನ್ಸ್ ಅಂಗಡಿಯಲ್ಲಾದರೋ 2003ರಿಂದಲೇ ಹಾಡೊಂದು 99 ಸೆಂಟಿಗೆ ಸಿಕ್ಕುತ್ತಿದ್ದಿತು. ತೆರೆದ ಮೊದಲ ವಾರದಲ್ಲಿಯೇ ಅಲ್ಲಿ ಹತ್ತು ಲಕ್ಷ ಹಾಡುಗಳು ಬಿಕರಿಯಾಗಿದ್ದವು; ಕೇಳುಗರು ಹಣ ಕೊಡಲಾರದವರೇನೂ ಆಗಿರಲಿಲ್ಲ.

ಜೂರಿಯವರನ್ನು ದೂರಿ ಫಲವಿಲ್ಲ. ಬೇಕೆಂದೇ ಮಾಡಿದ ಉಲ್ಲಂಘನೆಗೆ ಕೃತಿಯೊಂದಕ್ಕೆ 1,50,000 ಡಾಲರಿನವರೆಗೂ ವಿಧಿಸಲು ಕಾನೂನೇ ಅವಕಾಶವಿತ್ತಿದೆ. ಸಾವಿರಾರು ನಕಲುಗಳನ್ನು ಮಾರಿ ಬದುಕುವವನಿಗೂ ಮನೆಯಲ್ಲಿ ಕುಳಿತು ಕೇಳುವವಳಿಗೂ ಆ ಮಿತಿ ಒಂದೇ. ವಿಚಾರಣೆ ನಡೆಸಿದ ನ್ಯಾಯಾಧೀಶ ಮೈಕೇಲ್ ಡೇವಿಸ್ ಅವರಿಗೂ ಇದು ಅತಿಯೆನಿಸಿರಬೇಕು. 2010ರಲ್ಲಿ ಅವರು ಹಾಡೊಂದಕ್ಕೆ 2,250 ಡಾಲರಿಗೆ ಇಳಿಸಿದರು. ಕಂಪನಿಗಳು ಅದಕ್ಕೆ ಒಪ್ಪಲಿಲ್ಲ.

ಇಷ್ಟರಲ್ಲಿ, 2008ರ ಡಿಸೆಂಬರಿನಲ್ಲಿಯೇ, ಜನರ ಮೇಲೆ ಹೀಗೆ ಸಾಮೂಹಿಕ ದಾವೆ ಹೂಡುವುದನ್ನು ಉದ್ಯಮ ಕೈಬಿಟ್ಟಿದ್ದಿತು. ಆ ವೇಳೆಗೆ 30,000ಕ್ಕೂ ಮಿಕ್ಕ ಜನ ಅದರ ಬಲೆಗೆ ಸಿಕ್ಕಿದ್ದರು. ನಕಲಿಸುವುದು ಮಾತ್ರ ನಿಂತಿರಲಿಲ್ಲ. ಹೂಡಿದ ಹಳೆಯ ವ್ಯಾಜ್ಯವನ್ನು ಮಾತ್ರ ಅದು ಬಿಡಲಿಲ್ಲ. 2012ರಲ್ಲಿ ಮೇಲಿನ ನ್ಯಾಯಾಲಯವು ಮೊದಲಿನ 2,22,000 ಡಾಲರಿನ ದಂಡವನ್ನೇ ಎತ್ತಿಹಿಡಿಯಿತು. ಮರುವರ್ಷ ಸುಪ್ರೀಂ ಕೋರ್ಟು ಆಕೆಯ ಮನವಿಯನ್ನು ಕೇಳಲು ಒಪ್ಪಲಿಲ್ಲ.