ಹೃದಯದ ಕೋಶಗಳಿಗೆ ವಯಸ್ಸೆಷ್ಟು?

ಚರ್ಮದ ಗಾಯವು ಮಾಯುವುದನ್ನು ನಾವೆಲ್ಲರೂ ಬಲ್ಲೆವು. ಹೃದಯಾಘಾತದಲ್ಲಿಯಾದರೋ, ಸತ್ತ ಸ್ನಾಯುಕೋಶಗಳ ಸ್ಥಾನದಲ್ಲಿ ಮಿಡಿಯಲಾರದ ಕಲೆಯೊಂದು ಉಳಿಯುತ್ತದೆ. ಹಾಗಾದರೆ ಹೃದಯದಲ್ಲಿ ಹೊಸ ಸ್ನಾಯುಕೋಶಗಳು ಹುಟ್ಟುವುದೇ ಇಲ್ಲವೆ?

ಉತ್ತರಕ್ಕೆ ನೆರವಾದುವು ಅಣುಬಾಂಬುಗಳು! 1955ರಿಂದ 1963ರವರೆಗಿನ ಪರೀಕ್ಷಾಸ್ಫೋಟಗಳಿಂದ ವಾಯುಮಂಡಲದಲ್ಲಿ ವಿಕಿರಣಪಟು ಇಂಗಾಲ-14 ಬಹಳ ಹೆಚ್ಚಿ, ಅನಂತರ ಕ್ರಮೇಣ ಇಳಿಯಿತು. ಸಸ್ಯಗಳ ಮೂಲಕ ನಮ್ಮ ಆಹಾರವನ್ನು ಸೇರುವ ಈ ಇಂಗಾಲವು, ಕೋಶವು ಹುಟ್ಟುವಾಗ ಅದರ ಡಿ.ಎನ್.ಎ.ಯಲ್ಲಿ ಆ ಕಾಲದ ಮುದ್ರೆಯನ್ನೊತ್ತುತ್ತದೆ. ಸ್ಟಾಕ್‌ಹೋಮಿನ ಯೋನಾಸ್ ಫ್ರಿಸೆನ್ ಮತ್ತು ಸಂಗಡಿಗರು ಮೃತರ ಹೃದಯಗಳಲ್ಲಿ ಈ ಮುದ್ರೆಯನ್ನು ಓದಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: 25ರ ಹರೆಯದಲ್ಲಿ ವರ್ಷಕ್ಕೆ ಶೇಕಡಾ 1ರಷ್ಟು, 75ರ ಮುಪ್ಪಿನಲ್ಲಿ ಶೇಕಡಾ 0.45ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ.

ಇಷ್ಟರಿಂದ ಹೃದಯಾಘಾತದ ನಷ್ಟವು ತುಂಬದು, ನಿಜ. ಆದರೆ ಅತ್ಯಲ್ಪವೆಂಬುದು ಸೊನ್ನೆಯಲ್ಲ. ಈ ಮಂದಗತಿಯನ್ನು ಚುರುಕುಗೊಳಿಸುವ ಬಗೆಯನ್ನೇ ಜೀವವಿಜ್ಞಾನಿಗಳು ಇಂದು ಅರಸುತ್ತಿದ್ದಾರೆ.